ಪೆನ್‌ಡ್ರೈವಿನ ಕೊಸರು

ಹರಿಹರದ ಬಸ್ ನಿಲ್ದಾಣದಿಂದ ಹೊರಬಂದು ಎಡಕ್ಕೆ ಹೊರಳಿದರೆ ಲಿಂಗಣ್ಣನ ಝೆರಾಕ್ಸ್ ಅಂಗಡಿ. ಅದರಲ್ಲಿ ಮುಕ್ಕಾಲು ಪಾಲು ಲಿಂಗಣ್ಣನದು, ಕಾಲು ಪಾಲು ಶಾಂತಲಾಳದು. ಕಾಲು ಪಾಲೆಂದರೆ ಒಂದು ಮೇಜು, ಒಂದು ಹಳೆಯ ಕಂಪ್ಯೂಟರು, ಮೊಬೈಲ್ ಬಿಚ್ಚುವ ಸಣ್ಣ ಸ್ಕ್ರೂಡ್ರೈವರುಗಳ ಡಬ್ಬಿ, ಗೋಡೆಗೆ ಅಂಟಿಸಿದ ಒಂದು ಹಾಳೆ. ಹಾಳೆಯ ಮೇಲೆ 'ಪೆನ್‌ಡ್ರೈವಿಗೆ ಹಾಡು ತುಂಬಿಕೊಡಲಾಗುವುದು' ಎಂದು ಬರೆದಿದೆ. ಈ ಕಾಲದಲ್ಲೂ ಪೆನ್‌ಡ್ರೈವಿಗೆ ಹಾಡು ತುಂಬಿಸುವವರು ಇದ್ದಾರೆಯೇ ಎಂದು ಕೇಳುವವರು ಗೂಡ್ಸ್ ಆಟೋ ಓಡಿಸಿದವರಲ್ಲ. ಫೋನಿನಲ್ಲಿ ಹಾಡು ಹಚ್ಚಿದರೆ ಪಲ್ಲವಿ ಮುಗಿಯುವ ಮೊದಲೇ ಹೆಂಡತಿ ಫೋನು ಮಾಡುತ್ತಾಳೆ, ಚರಣಕ್ಕೆ ಬರುವಷ್ಟರಲ್ಲಿ ಮಾಲೀಕ ಮಾಡುತ್ತಾನೆ, ಊರು ದಾಟಿದರೆ ನೆಟ್‌ವರ್ಕೇ ಇರುವುದಿಲ್ಲ. ಪೆನ್‌ಡ್ರೈವಿಗೆ ಇವ್ಯಾವುದರ ಹಂಗಿಲ್ಲ. ಆದ್ದರಿಂದ ಆಟೋದವರು, ಟ್ರ್ಯಾಕ್ಟರಿನವರು, ಹಿಟ್ಟಿನ ಗಿರಣಿಯವರು, ಕ್ಷೌರದಂಗಡಿಯವರು ತಿಂಗಳಿಗೊಮ್ಮೆ ಬಂದು, "ಅಕ್ಕಾ, ಹೊಸಾವು ಹಾಕ್ರಿ" ಎಂದು ಕೈ ಚಾಚುತ್ತಾರೆ.

ಹೊಸಾವು ಎಂದರೆ ಹೊಸ ಸಿನಿಮಾ ಹಾಡುಗಳು. ನೂರಿಪ್ಪತ್ತು ಕೇಳಿದವರಿಗೆ ಶಾಂತಲಾ ಲೆಕ್ಕ ತಪ್ಪದೆ ನೂರಿಪ್ಪತ್ತು ಹಾಕುತ್ತಾಳೆ. ಆಮೇಲೆ, ಯಾರೂ ಕೇಳದ ಮೂರು ಹಾಡುಗಳನ್ನು ಕೊನೆಗೆ ತನ್ನ ಕಡೆಯಿಂದ ಸೇರಿಸುತ್ತಾಳೆ. ಅದು ಕೊಸರು.

ಆ ಪದ ಅವಳಿಗೆ ತಾಯಿಯಿಂದ ಬಂದದ್ದು. ಹದಡಿಯ ಪುಟ್ಟಕ್ಕ ಮೂವತ್ತು ವರ್ಷ ದಾವಣಗೆರೆ ಮಾರುಕಟ್ಟೆಯಲ್ಲಿ ತರಕಾರಿ ಮಾರಿದವಳು. ತೂಗಿ ಹಾಕಿದ ಮೇಲೆ, ಗಿರಾಕಿ ಚೀಲದ ಬಾಯಿ ಮುಚ್ಚುವ ಮೊದಲು, ಎರಡು ಹಸಿಮೆಣಸಿನಕಾಯಿಯನ್ನೋ ಒಂದೆಳೆ ಕರಿಬೇವನ್ನೋ ಎಸೆಯುತ್ತಿದ್ದಳು. "ತೂಕ ಗಿರಾಕೀದು, ಕೊಸರು ನಮ್ದು" ಎಂಬುದು ಅವಳ ಮಾತು. ತೂಕಕ್ಕೆ ಏನು ಬೇಕೆಂದು ಗಿರಾಕಿ ಹೇಳಬಹುದು, ಕೊಸರಿಗೆ ಏನು ಹಾಕಬೇಕೆಂಬುದು ಮಾರುವವಳ ಮರ್ಜಿ. ಬದನೆಕಾಯಿ ಕೊಂಡವನಿಗೆ ಒಂದು ನಿಂಬೆಹಣ್ಣು ಎಸೆದರೆ ಅವನು ಸಾರಿಗೆ ಹಿಂಡಿ ನೋಡುತ್ತಾನೆ, ಮುಂದಿನ ವಾರ ನಿಂಬೆಹಣ್ಣನ್ನೇ ಕೇಳಿಕೊಂಡು ಬರುತ್ತಾನೆ. ಪುಟ್ಟಕ್ಕ ಹೀಗೆ ಅರ್ಧ ಊರಿಗೆ ಮೂಲಂಗಿ ಸೊಪ್ಪಿನ ಚಟ ಹಚ್ಚಿದ್ದಳು. ಈಗ ಮೊಣಕಾಲು ನೋವೆಂದು ಮಗಳ ಮನೆಯಲ್ಲಿದ್ದಾಳೆ. ಮನೆಗೆ ಬಂದವರಿಗೆ ಚಹಾದ ಜೊತೆ ಎರಡು ಬಿಸ್ಕತ್ತು ಕೊಟ್ಟರೆ ಮೂರನೆಯದನ್ನು ಈಗಲೂ ತಾನೇ ಇಡುತ್ತಾಳೆ.

ಶಾಂತಲಾಳಿಗೆ ಹಾಡಿನ ಹುಚ್ಚು ಹತ್ತಿದ್ದು ಒಂದು ಒಡೆದ ಡಿಸ್‌ಪ್ಲೇಯಿಂದ. ಆರೇಳು ವರ್ಷಗಳ ಹಿಂದೆ, ಹರಿಹರದ ಹಾಸ್ಟೆಲಿನ ಹುಡುಗಿಯೊಬ್ಬಳು ಫೋನು ರಿಪೇರಿಗೆ ಕೊಟ್ಟು ಹೋದಳು. ಡಿಸ್‌ಪ್ಲೇ ಬದಲಿಸಿ, ಸ್ಪೀಕರ್ ಸರಿಯಿದೆಯೇ ನೋಡಲು ಶಾಂತಲಾ ಅದರಲ್ಲಿದ್ದ ಯಾವುದೋ ಹಾಡು ಹಚ್ಚಿದಳು. ಒಬ್ಬ ಗಂಡಸು ರಾಗವಿಲ್ಲದೆ ಬಡಬಡ ಮಾತಾಡುತ್ತಿದ್ದ. ಅವನು 'ಐತೆ' ಅಂದ, 'ಬ್ಯಾಡ' ಅಂದ, 'ಯಾಕ' ಅಂದ. ಹುಟ್ಟಿದಾಗಿನಿಂದ ಕೇಳಿದ ಹಾಡುಗಳಲ್ಲೆಲ್ಲ ಪ್ರೀತಿ 'ಇದೆ', ಚಂದಿರ 'ಇದೆ', ಮನಸು 'ಇದೆ'. ಹಾಡಿನಲ್ಲಿ ಏನಾದರೂ 'ಐತೆ' ಆದದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅವ್ವ ತಕ್ಕಡಿ ಹಿಡಿದು ಜಗಳಾಡುವಾಗಲೂ ಇದೇ ತಾಳ ಇರುತ್ತಿತ್ತಲ್ಲ ಎಂದು ಅವಳಿಗೆ ಹೊಳೆಯಿತು. ಕೆಲಸ ಮುಗಿದ ಫೋನನ್ನು ಅವಳು ಇನ್ನೂ ಒಂದು ಗಂಟೆ ಇಟ್ಟುಕೊಂಡಳು. ಹುಡುಗಿ ಬಂದಾಗ, "ಇಂಥಾವು ಎಲ್ಲಿ ಸಿಗತಾವೆ?" ಎಂದು ಕೇಳಿ ಬರೆದುಕೊಂಡಳು.

ಅಲ್ಲಿಂದ ಶುಕ್ರವಾರ ಅವಳಿಗೆ ಬೇರೆಯ ವಾರವಾಯಿತು. ಹೊಸ ಹಾಡುಗಳು ಲೋಕಕ್ಕೆಲ್ಲ ಶುಕ್ರವಾರ ಬಿಡುಗಡೆಯಾಗುತ್ತವಂತೆ. ಹೊಸ್ತಿಲಿಗೆ ಅರಿಸಿನ ಹಚ್ಚಿ ಕುಂಕುಮ ಇಡುವಾಗ ಅವಳ ಒಂದು ಕಿವಿಯಲ್ಲಿ ಇಯರ್‌ಫೋನು ಇರುತ್ತದೆ. ದೇವರು ಮಾಡುವಾಗಲಾದರೂ ಕಿವಿ ಖಾಲಿ ಇರಲಿ ಎಂದು ಪುಟ್ಟಕ್ಕ ಗೊಣಗುತ್ತಾಳೆ. ಗಂಡ ರಾಜಕುಮಾರ ಲಾರಿ ಆಫೀಸಿನಲ್ಲಿ ಬುಕಿಂಗ್ ಕ್ಲರ್ಕ್. "ನಿನ್ನ ಹಾಡು ಕೇಳಿದ್ರೆ ನಮ್ಮ ಮಿಕ್ಸರ್ ಕೆಟ್ಟಂಗೆ ಆಗತೈತೆ ಕಣೇ" ಎನ್ನುತ್ತಾನೆ, ಆದರೆ ಇಯರ್‌ಫೋನು ಹಾಳಾದಾಗ ಹೊಸದು ತಂದುಕೊಡುವವನೂ ಅವನೇ. ಮನೆಯಿರುವ ದಾವಣಗೆರೆಯಿಂದ ಅಂಗಡಿಯಿರುವ ಹರಿಹರಕ್ಕೆ ಬಸ್ಸಿನಲ್ಲಿ ನಲವತ್ತು ನಿಮಿಷ. ಒಂದು ಆಲ್ಬಂ ಹೋಗುವಾಗ, ಒಂದು ಬರುವಾಗ.

ಇಂಡೀ, ಹಿಪ್‌ಹಾಪ್, ಎಲೆಕ್ಟ್ರಾನಿಕ್ ಎಂದು ಹಾಡು ಮಾಡಿದವರು ಬರೆದುಕೊಂಡಿರುತ್ತಾರೆ. ಶಾಂತಲಾ ತನ್ನ ಕಂಪ್ಯೂಟರಿನಲ್ಲಿ ಬೇರೆ ಹೆಸರು ಇಟ್ಟಿದ್ದಾಳೆ. ಬಡಬಡ ಹೇಳುವವು 'ಮಾತಿನವು'. ಯಾರೋ ಒಬ್ಬರು ಕೋಣೆಯ ಬಾಗಿಲು ಹಾಕಿಕೊಂಡು, ಪಕ್ಕದ ಮನೆಗೆ ಕೇಳಿಸಬಾರದು ಎಂಬಂತೆ ಹಾಡಿದವು 'ಕೋಣೆಯವು'. ಹಾಡೂ ಇಲ್ಲ, ಮಾತೂ ಇಲ್ಲ, ಬರೀ ಯಂತ್ರದ ಮೇಳ, ಅವು 'ಶಬ್ದದವು'. ಕೊಸರಿಗೆ ಪ್ರತಿಯೊಂದರಿಂದಲೂ ಒಂದೊಂದು. ಹಾಕುವ ಮೊದಲು ಹಾಡು ಮಾಡಿದವರನ್ನು ಹುಡುಕಿ, 'ನಿಮ್ಮದನ್ನು ಕೊಸರಿಗೆ ಹಾಕಲಾ?' ಎಂದು ಮೆಸೇಜ್ ಮಾಡಿ ಕೇಳುತ್ತಾಳೆ. ಕೊಸರು ಎಂದರೇನೆಂದು ಕೇಳಿದವರಿಗೆ ನಿಂಬೆಹಣ್ಣಿನ ಕಥೆ ಹೇಳುತ್ತಾಳೆ. ಸಿನಿಮಾ ಹಾಡಿಗೆ ಮಾತ್ರ ಇದುವರೆಗೆ ಯಾರನ್ನೂ ಕೇಳಿಲ್ಲ. ಆ ವಿಷಯದಲ್ಲಿ ಊರಿಗೆ ಊರೇ ಕಳ್ಳರಿರುವಾಗ ಅವಳೊಬ್ಬಳ ಹೆಸರೆತ್ತುವುದು ಸರಿಯಲ್ಲ.

ಆರು ವರ್ಷ ಹೀಗೆ ನಡೆಯಿತು. ಈ ಆರು ವರ್ಷದಲ್ಲಿ ಕೊಸರು ಚೆನ್ನಾಗಿತ್ತು ಎಂದು ಒಬ್ಬರೂ ಹೇಳಲಿಲ್ಲ, ಚೆನ್ನಾಗಿಲ್ಲ ಎಂದೂ ಹೇಳಲಿಲ್ಲ. ಒಮ್ಮೆ ಕ್ಷೌರದಂಗಡಿಯವನು ಬಂದು, "ಅಕ್ಕಾ, ಕೊನೇ ಮೂರು ಫೈಲ್ ಕರಪ್ಟ್ ಆಗ್ಯಾವೆ ನೋಡ್ರಿ" ಎಂದ. ಕೊಸರಿನ ಬಗ್ಗೆ ಊರಿಂದ ಬಂದ ವಿಮರ್ಶೆ ಅದೊಂದೇ. ಶಾಂತಲಾಳಿಗೆ ಬೇಸರವಾಗುತ್ತಿತ್ತು. ಪುಟ್ಟಕ್ಕನ ನಿಂಬೆಹಣ್ಣಿಗೆ ವಾರದಲ್ಲಿ ಗಿರಾಕಿ ಹುಟ್ಟುತ್ತಿದ್ದ. ಒಬ್ಬರಾದರೂ ಬಂದು 'ಕೊನೆಗೆ ಹಾಕಿದ್ರಲ್ಲ, ಅಂಥದ್ದು ಇನ್ನೊಂದು ಐತಾ?' ಎಂದು ಕೇಳಲಿ ಎಂಬುದಷ್ಟೇ ಅವಳ ಆಸೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಅವಳಿಗೆ 'ತ್ರೀ ಫೇಸ್' ಎಂಬುದು ಸಿಕ್ಕಿತು. ಮಾಡಿದವನು ಅಂಜನ್ ಕುಮಾರ್, ದಾವಣಗೆರೆ ವಿದ್ಯಾನಗರದ ಒಂದು ಬಾಡಿಗೆ ಮನೆಯಲ್ಲಿ ಇರುವವನು, ಔಷಧಿ ಏಜೆನ್ಸಿಯಲ್ಲಿ ಕೆಲಸ. ಇದು ಶಬ್ದದ್ದು. ಮೊದಲ ನಲವತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ನೆಲದ ಕೆಳಗಿನಿಂದ ಬಂದಂತೆ ಒಂದು ಗುಂಯ್‌ಗುಡುವಿಕೆ, ಅದರೊಳಗೆ ಒಂದು ಕಟಕಟ. ನಾಲ್ಕೂವರೆ ನಿಮಿಷಕ್ಕೆ ಥಟ್ಟನೆ ನಿಲ್ಲುತ್ತದೆ. ಇಡೀ ಜಗತ್ತಿನಲ್ಲಿ ಅದನ್ನು ನಲವತ್ತೊಂದು ಸಲ ಕೇಳಲಾಗಿತ್ತು, ಅದರಲ್ಲಿ ಹನ್ನೊಂದು ಸಲ ಶಾಂತಲಾಳದೇ. ಅಂಜನ್ ಕುಮಾರ್ ಒಪ್ಪಿಗೆ ಕೊಟ್ಟ. ಆ ವಾರ ಪೆನ್‌ಡ್ರೈವ್ ತುಂಬಿಸಿದ ಎಲ್ಲರಿಗೂ ಕೊನೆಯದಾಗಿ 'ತ್ರೀ ಫೇಸ್' ಹೋಯಿತು.

ಆ ವಾರ ತುಂಬಿಸಿದವರಲ್ಲಿ ಸಣ್ಣತಿಮ್ಮಪ್ಪನೂ ಒಬ್ಬ. ಹರಿಹರದಿಂದ ದಾವಣಗೆರೆಗೆ, ದಾವಣಗೆರೆಯಿಂದ ಹರಿಹರಕ್ಕೆ ಗೂಡ್ಸ್ ಆಟೋದಲ್ಲಿ ಮಂಡಕ್ಕಿ ಚೀಲ ಸಾಗಿಸುವವನು. ಸೀಟಿನ ಹಿಂದೆ ದೊಡ್ಡ ಬಾಸ್ ಡಬ್ಬಿ ಕೂಡಿಸಿದ್ದ. ಎಲ್ಲರಂತೆ ಅವನೂ ಕೊಸರು ಬಂದ ಕೂಡಲೇ ಗುಂಡಿ ಒತ್ತಿ ಒಂದೊಂದನ್ನೇ ದಾಟಿಸಿ ಮತ್ತೆ ಮೊದಲ ಹಾಡಿಗೆ ಹೋಗುವವನೇ. ಆದರೆ ಆ ದಿನ ಕೊನೆಯ ಹಾಡು ನಲವತ್ತು ಸೆಕೆಂಡು ಸುಮ್ಮನೆ ಇತ್ತಲ್ಲ, ಹಾಡು ಮುಗಿದವು ಅಂದುಕೊಂಡು ಬಿಟ್ಟ. ಆಮೇಲೆ ಸೀಟಿನ ಹಿಂದಿನಿಂದ ಗುಂಯ್ ಎಂದಿತು. ಕಟಕಟ ಎಂದಿತು. ಎಂಜಿನ್ನೇ ಹೋಯಿತು ಎಂದುಕೊಂಡ ಸಣ್ಣತಿಮ್ಮಪ್ಪ. ಬದಿಗೆ ನಿಲ್ಲಿಸಿ ಕೀಲಿ ತಿರುಗಿಸಿದ, ಸದ್ದು ನಿಂತಿತು. ಗಾಡಿ ಚಾಲೂ ಮಾಡಿದ, ಸ್ವಲ್ಪ ಹೊತ್ತಿಗೆ ಸದ್ದು ಬಂತು. ಕೀಲಿಯ ಜೊತೆ ಪ್ಲೇಯರೂ ಆರುತ್ತದೆ, ಕೀಲಿಯ ಜೊತೆ ಅದೇ ಹಾಡು ಮೊದಲಿನಿಂದ ಶುರುವಾಗುತ್ತದೆ ಎಂಬುದು ಆ ಗಾಬರಿಯಲ್ಲಿ ಯಾರಿಗೆ ಹೊಳೆಯಬೇಕು! ಗಾಡಿಯನ್ನು ಮೆಲ್ಲಗೆ ಅಲ್ಲೇ ಪಕ್ಕದಲ್ಲಿದ್ದ ಕುತುಬುದ್ದೀನನ ಗ್ಯಾರೇಜಿಗೆ ತಂದ.

ಕುತುಬುದ್ದೀನ್ ಮೂವತ್ತೈದು ವರ್ಷದಿಂದ ಮೆಕ್ಯಾನಿಕ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಾನೆ. ಕೇಳಿ ಹೇಳಿದ್ದು ಸುಳ್ಳಾದದ್ದಿಲ್ಲ. ಆ ದಿನವೂ ಕೇಳಿದ. "ಬೇರಿಂಗ್ ಹೋಗೈತೆ" ಎಂದ. ಆದರೆ ಯಾವ ಬೇರಿಂಗ್ ಎಂಬುದು ಸಿಗಲಿಲ್ಲ. ಟ್ಯಾಪೆಟ್ ಬಿಚ್ಚಿದ, ಫ್ಯಾನ್ ಬಿಚ್ಚಿದ, ಮತ್ತೆ ಕೂಡಿಸಿದ, ಮತ್ತೆ ಮೂರ್ನಾಲ್ಕು ನಿಮಿಷ ಕೇಳಿ ಆರಿಸಿದ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ನಡೆಯಿತು. ಕೊನೆಗೆ ಸೋತು, ಗಾಡಿಯನ್ನು ಚಾಲೂ ಇಟ್ಟೇ ಚಹಾ ಕುಡಿಯಲು ಕೂತಾಗ, ನಾಲ್ಕೂವರೆ ನಿಮಿಷ ಮುಗಿದು ಸದ್ದು ಥಟ್ಟನೆ ನಿಂತಿತು, ಮರುಕ್ಷಣವೇ ಸೀಟಿನ ಹಿಂದಿನಿಂದ ಮದುವೆ ದಿಬ್ಬಣದ ಸಿನಿಮಾ ಹಾಡು ಕಿರುಚಿಕೊಂಡು ಹೊರಟಿತು.

ಸಂಜೆಯ ಹೊತ್ತಿಗೆ ಆಟೋ ಸ್ಟ್ಯಾಂಡಿಗೆಲ್ಲ ಸುದ್ದಿ ಮುಟ್ಟಿತು. ಕುತುಬುದ್ದೀನ್ ಹಾದು ಹೋದರೆ, "ಕುತುಬಣ್ಣಾ, ನಮ್ಮ ರೇಡಿಯೋಕ್ಕೂ ಸ್ವಲ್ಪ ಆಯಿಲ್ ಹಾಕು" ಎಂದು ಕೂಗಿ ನಗುವವರು ಹೆಚ್ಚಾದರು. ಸಣ್ಣತಿಮ್ಮಪ್ಪ ಪೆನ್‌ಡ್ರೈವ್ ಹಿಡಿದು ನೇರ ಅಂಗಡಿಗೆ ಬಂದ.

"ಏನ್ ಹಾಕಿದ್ರಿ ಇದರಾಗೆ? ಹಾಡು ಹಾಕ್ರಿ ಅಂದ್ರೆ ರೋಗ ಹಾಕಿ ಕೊಟ್ಟೀರಲ್ರಿ! ಒಂದಿನದ ಬಾಡಿಗಿ ಹೋತು."

"ಅದೂ ಹಾಡೇ" ಎಂದಳು ಶಾಂತಲಾ.

"ಹಾಡಂತೆ! ಯಾರಿಗೆ ಹಾಡು? ಲೇತ್ ಮಿಷಿನ್ನಿಗಾ?"

ಝೆರಾಕ್ಸಿಗೆ ನಿಂತಿದ್ದವರೆಲ್ಲ ನಕ್ಕರು. ಲಿಂಗಣ್ಣ ನಗಲಿಲ್ಲ. ಸಣ್ಣತಿಮ್ಮಪ್ಪನನ್ನು ಸಮಾಧಾನ ಮಾಡಿ ಕಳಿಸಿ, ಆಮೇಲೆ ಮೆತ್ತಗೆ ಹೇಳಿದ. "ನೋಡವ್ವಾ ಶಾಂತಲಾ, ಕೇಳಿದ್ದು ಕೊಡೋಣ, ಕೇಳದಿದ್ದದ್ದು ಬ್ಯಾಡ. ನಾಳೆ ಯಾರಾದ್ರೂ ಎಂಜಿನ್ನೇ ಇಳಿಸಿಕೊಂಡು ಬಂದಾರು. ಅಂಗಡಿ ಹೆಸರು ನಂದೂ ಐತೆ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಶಾಂತಲಾ ಆಗಲಿ ಎಂದಳು. ಮನೆಗೆ ಬಂದು ಪುಟ್ಟಕ್ಕನಿಗೆ ಕೊಸರು ನಿಲ್ಲಿಸಿದ್ದನ್ನು ಹೇಳಿದಾಗ ಪುಟ್ಟಕ್ಕ ಎಣ್ಣೆಯ ಬಾಟಲಿ ಎತ್ತಿಕೊಂಡಳು. "ಕೊಳೆತದ್ದು ಹಾಕಿದ್ದೇನು?" ಎಂದು ಕೇಳಿದಳು. ಇಲ್ಲ ಎಂದಳು ಶಾಂತಲಾ. "ಮತ್ತೆ ಯಾಕ ನಿಲ್ಲಿಸಿದಿ?" ಎಂದು ಪುಟ್ಟಕ್ಕ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದಳು.

ಹತ್ತು ದಿನ ಪೆನ್‌ಡ್ರೈವುಗಳು ಲೆಕ್ಕಕ್ಕೆ ಸರಿಯಾಗಿ ಹೋದವು. ನೂರಿಪ್ಪತ್ತೆಂದರೆ ನೂರಿಪ್ಪತ್ತು. ಯಾರೂ ಬಂದು ಕೊಸರು ಎಲ್ಲಿ ಎಂದು ಕೇಳಲಿಲ್ಲ. ಅದೇ ಅವಳಿಗೆ ಹೆಚ್ಚು ನೋವು ಮಾಡಿದ್ದು. ಜಗಳಕ್ಕಾದರೂ ಒಬ್ಬ ಬಂದಿದ್ದ, ಇಲ್ಲದ್ದಕ್ಕೆ ಯಾರೂ ಬರಲಿಲ್ಲ. ಶುಕ್ರವಾರ ಬಸ್ಸಿನಲ್ಲಿ ಅವಳು ಹಾಡು ಹಚ್ಚದೆ ಕಿಟಕಿಯಾಚೆ ನೋಡುತ್ತ ಬಂದಳು.

ಹನ್ನೊಂದನೆಯ ದಿನ ಮಧ್ಯಾಹ್ನ ಕುತುಬುದ್ದೀನ್ ಅಂಗಡಿಗೆ ಬಂದ. ಕೈ ತೊಳೆದುಕೊಂಡು, ಅಂಗಿ ಬದಲಿಸಿಕೊಂಡು ಬಂದಿದ್ದ. ಜಗಳಕ್ಕೇ ಬಂದಿರಬೇಕೆಂದು ಶಾಂತಲಾ ಎದ್ದು ನಿಂತಳು.

"ಕೂಡ್ರಿ ಅಮ್ಮಾ" ಎಂದ. "ಆ ಸದ್ದು ಮಾಡಿದ್ದು ನೀವಾ?"

"ಅಲ್ಲ. ದಾವಣಗೆರೆಯವರು ಒಬ್ಬರು."

"ಐತಾ ಇಲ್ಲಿ? ಹಚ್ರಿ ಒಂದ್ಸಲ."

ಅವಳು ಮೇಜಿನ ಮೇಲಿನ ಸ್ಪೀಕರಿಗೆ ಹಚ್ಚಿದಳು. ಕುತುಬುದ್ದೀನ್ ಲಿಂಗಣ್ಣನ ಕಡೆ ತಿರುಗಿ, "ಭಾಯ್, ಆ ಮಿಷಿನ್ ಜರಾ ನಿಲ್ಲಿಸ್ರಿ" ಎಂದ. ಝೆರಾಕ್ಸ್ ನಿಂತಿತು. ಅವನು ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡು, ತುದಿಯನ್ನು ಸ್ಪೀಕರಿನ ಪೆಟ್ಟಿಗೆಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ನಾಲ್ಕೂವರೆ ನಿಮಿಷ ಅಲುಗಲಿಲ್ಲ.

"ಕೆಳಗೆ ಒಂದು ಕಟಕಟ ಐತಲ್ಲ, ಅದು ನಾಲ್ಕಕ್ಕೊಂದ್ಸಲ ತಪ್ಪತೈತೆ" ಎಂದ ಕಣ್ಣು ತೆರೆದು. "ಕೆಟ್ಟು ತಪ್ಪಿದ್ದಲ್ಲ, ಬೇಕಂತ ತಪ್ಪಿಸ್ಯಾರೆ. ಅದಕ್ಕೇ ಅವತ್ತು ನಂಗೆ ಸಿಗಲಿಲ್ಲ. ಎಂಜಿನ್ ಹಂಗೆ ತಪ್ಪಾಕಿಲ್ಲ. ಎರಡನೇ ನಿಮಿಷಕ್ಕೆ ಗುಂಯ್ ಅನ್ನೋದು ಒಂದು ಮೆಟ್ಲು ಇಳೀತೈತೆ, ವೋಲ್ಟೇಜ್ ಬಿದ್ದಂಗೆ. ಚಲೋ ಮಾಡ್ಯಾರೆ."

ಶಾಂತಲಾ ಹನ್ನೊಂದು ಸಲ ಕೇಳಿದ್ದಳು. ನಾಲ್ಕಕ್ಕೊಮ್ಮೆ ತಪ್ಪುವುದು ಅವಳ ಕಿವಿಗೆ ಬಿದ್ದಿರಲಿಲ್ಲ. ಅವಳಿಗೆ ಸಂತೋಷವಾಯಿತು, ಸಣ್ಣಗೆ ಹೊಟ್ಟೆಯೂ ಉರಿಯಿತು.

"ಆದ್ರೆ ನಾ ಬಂದಿದ್ದು ಅದಕ್ಕಲ್ಲ" ಎಂದ ಕುತುಬುದ್ದೀನ್. "ಮೂರು ನಿಮಿಷ ಆದ್ಮೇಲೆ ಒಂದು ಕೊಂಯ್ ಅಂತೈತೆ ನೋಡ್ರಿ. ಅದು ಮ್ಯೂಸಿಕ್ ಅಲ್ಲ. ಅವರು ಯಾವುದೋ ಮೋಟಾರಿನ ಸದ್ದು ಹಿಡಿದು ಹಾಕ್ಯಾರೆ, ಆ ಮೋಟಾರಿನ ಬೇರಿಂಗ್ ಹೋಗೈತೆ. ನಾ ಅವತ್ತೇ ಬೇರಿಂಗ್ ಅಂದೆ. ಊರೆಲ್ಲ ನಗತೈತೆ. ನಾ ಹೇಳಿದ್ದು ಸುಳ್ಳಲ್ಲಮ್ಮಾ. ಬೇರಿಂಗ್ ಗಾಡೀದಲ್ಲ, ಅಷ್ಟೇ. ನೀವು ಅವರನ್ನ ಕೇಳ್ರಿ."

ಮೂವತ್ತೈದು ವರ್ಷದ ಮಾತಿಗೆ ಬಂದ ಕಳಂಕ ಅವನನ್ನು ಹತ್ತು ದಿನ ಕೊರೆದಿತ್ತು ಎಂಬುದು ಅವಳಿಗೆ ಅರ್ಥವಾಯಿತು. ಅಲ್ಲಿಯೇ ಕುಳಿತು ಅಂಜನ್ ಕುಮಾರನಿಗೆ ಮೆಸೇಜ್ ಮಾಡಿದಳು. 'ತ್ರೀ ಫೇಸ್‌ನಲ್ಲಿರುವುದು ಯಾವ ಮೋಟಾರು? ಅದರ ಬೇರಿಂಗ್ ಹೋಗಿದೆಯಂತೆ, ನೋಡಿಸಿ.' ಕುತುಬುದ್ದೀನ್ ಸ್ಟೂಲಿನ ಮೇಲೆ ಕೂತ. ಲಿಂಗಣ್ಣ ಝೆರಾಕ್ಸ್ ಶುರು ಮಾಡುವುದನ್ನೇ ಮರೆತು ನಿಂತ. ಆಧಾರ್ ಕಾರ್ಡಿನ ಪ್ರತಿಗೆ ಬಂದಿದ್ದ ಇಬ್ಬರು ಕಾದರು, ಯಾವುದಕ್ಕೆ ಕಾಯುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ.

ಹತ್ತು ನಿಮಿಷಕ್ಕೆ ಉತ್ತರ ಬಂತು. ಶಾಂತಲಾ ಗಟ್ಟಿಯಾಗಿ ಓದಿದಳು. "ನಮ್ಮ ಬಿಲ್ಡಿಂಗಿನ ಬೋರ್ ಮೋಟಾರು. ಹೋದ ವಾರ ಸುಟ್ಟುಹೋಯಿತು. ಬೇರಿಂಗ್ ಮೊದಲೇ ಹೋಗಿತ್ತು ಅಂದ ರಿಪೇರಿಯವನು. ನಾಲ್ಕು ದಿನ ನೀರಿರಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು?"

"ಇನ್ನೊಂದ್ಸಲ ಓದ್ರಿ" ಎಂದ ಕುತುಬುದ್ದೀನ್. ಅವಳು ಓದಿದಳು. ಅವನು ಲಿಂಗಣ್ಣನ ಕಡೆ ನೋಡಿದ, ಆಧಾರ್ ಕಾರ್ಡಿನವರ ಕಡೆ ನೋಡಿದ, ಎದ್ದು ಅಂಗಿ ಎಳೆದುಕೊಂಡ. "ಆಟೋ ಸ್ಟ್ಯಾಂಡಿಗೆ ಹೋಗಿ ಬರ್ತೀನಿ" ಎಂದು ಹೊರಟ. ಶಾಂತಲಾ ಅಂಜನ್ ಕುಮಾರನಿಗೆ, 'ಇಲ್ಲಿ ಒಬ್ಬರು ನಿಮ್ಮ ಹಾಡು ಕೇಳಿದರು' ಎಂದಷ್ಟೇ ಬರೆದು ಕಳಿಸಿದಳು.

ಶುಕ್ರವಾರ ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ಕುತುಬುದ್ದೀನ್ ಬಾಗಿಲಲ್ಲಿದ್ದ. ಕೈಯಲ್ಲಿ ಹೊಸ ಪೆನ್‌ಡ್ರೈವು, ಇನ್ನೂ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ.

"ಹಾಡು ಬ್ಯಾಡ" ಎಂದ. "ಬರೀ ಕೊಸರು ತುಂಬ್ರಿ. ಗ್ಯಾರೇಜಿನಾಗೆ ಹಚ್ಕೊಂತೀನಿ."

ಶಾಂತಲಾ ಪ್ಲಾಸ್ಟಿಕ್ ಬಿಚ್ಚಿ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದಳು. ಆರು ವರ್ಷದ ಕೊಸರು ಒಂಬೈನೂರರ ಮೇಲಿತ್ತು. ಎಲ್ಲವನ್ನೂ ಹಾಕಿದಳು, ಮಾತಿನವು, ಕೋಣೆಯವು, ಶಬ್ದದವು. ಹಾಕಿ ಮುಗಿಸಿ, "ನೂರಿಪ್ಪತ್ತು ರೂಪಾಯಿ" ಎಂದಳು.

"ಕೊಸರಿಗೆ ರೊಕ್ಕಾನಾ?" ಕುತುಬುದ್ದೀನ್ ಹೌಹಾರಿದ. "ಕೊಸರು ಅಂದ್ರೆ ಪುಕ್ಕಟೆ ಅಲ್ವೇನಮ್ಮಾ?"

"ತೂಕ ತಗೊಂಡವರಿಗೆ ಕೊಸರು ಪುಕ್ಕಟೆ. ನೀವು ತೂಕನೇ ಬ್ಯಾಡ ಅಂದ್ರೆ ನಿಮಗೆ ಇದೇ ತೂಕ" ಎಂದಳು ಶಾಂತಲಾ. ತಕ್ಕಡಿ ಹಿಡಿದ ಪುಟ್ಟಕ್ಕನ ದನಿ ತನ್ನ ಬಾಯಿಂದಲೇ ಬಂದದ್ದು ಅವಳಿಗೂ ಕೇಳಿಸಿತು.

ಕುತುಬುದ್ದೀನ್ ಯೋಚಿಸಿದ. ಅವನೂ ಅಂಗಡಿ ಇಟ್ಟವನೇ, ಮಾತು ನ್ಯಾಯವಾಗಿ ಕಂಡಿತು. ಹಣ ಎಣಿಸಿ ಮೇಜಿನ ಮೇಲಿಟ್ಟ. ಪೆನ್‌ಡ್ರೈವ್ ಕೊಡಲು ಹೋದಾಗ ಮಾತ್ರ ತೆಗೆದುಕೊಳ್ಳದೆ ನಿಂತ.

"ಹಂಗಾರೆ ಇದಕ್ಕೆ ಕೊಸರು?"

ಶಾಂತಲಾ ನಕ್ಕುಬಿಟ್ಟಳು. ಪೆನ್‌ಡ್ರೈವನ್ನು ಮತ್ತೆ ಕಂಪ್ಯೂಟರಿಗೆ ಚುಚ್ಚಿ, ಸಿನಿಮಾ ಹಾಡುಗಳ ಫೋಲ್ಡರ್ ತೆರೆದು, ಕೈಗೆ ಸಿಕ್ಕ ಮೂರು ಹಾಡು ಎತ್ತಿ ಕೊನೆಗೆ ಹಾಕಿದಳು.